ನೀ ಪ್ಯಾಡ್ ಒಗ್ಗಿಸಿಕೊಳ್ಳುವುದು ಹೇಗೆ? ಮುರಕಲ್ಲಿನ ಗುಡ್ಡೆಗಳಲ್ಲಿ ಸೈಕಲ್ ಓಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ಆ ದಿನ ನನ್ನ ನೀ ಪ್ಯಾಡ್, ಅಂದರೆ ಮಂಡಿಗೆ ಹಾಕುವ ರಕ್ಷಾಕವಚ, ಬ್ಯಾಗಿನೊಳಗೇ ಇತ್ತು. ಕಾಸರಗೋಡು ಜಿಲ್ಲೆಯ ಪೈವಳಿಕೆ ಕಡೆಯ ಒಂದು ಪದವು (ಗುಡ್ಡೆಯ ಮೇಲಿನ ಬಯಲು), ನವೆಂಬರ್ ತಿಂಗಳು, ಬೆಳಗ್ಗೆ ಎಂಟೂವರೆ. ಗುಡ್ಡೆ ಏರುವಾಗ ಸೆಖೆ ಅಂತ ಬಿಚ್ಚಿ ಬ್ಯಾಗಿಗೆ ಹಾಕಿದ್ದೆ. ಮೇಲೆ ಗಾಳಿ ಹಿತವಾಗಿತ್ತು. ನೀರು ಕುಡಿದು ಹಾಗೇ ಇಳಿಯಲು ಶುರು ಮಾಡಿದೆ. ಇನ್ನೂರು ಮೀಟರ್ ಹೋಗಿರಬಹುದು. ತಿರುವಿನಲ್ಲಿ ಸಡಿಲ ಚರಳಿನ ಮೇಲೆ ಮುಂದಿನ ಚಕ್ರ ಜಾರಿತು. ಬಲ ಮೊಣಕಾಲು ನೇರ ಕಲ್ಲಿಗೆ ಬಡಿಯಿತು.

ಮುರಕಲ್ಲಿನ ಮೈ ಹೇಗಿರುತ್ತದೆ ಅಂತ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ತೂತು ತೂತು, ಅಂಚೆಲ್ಲ ಚೂಪು. ನೆಲದಡಿ ಇರುವಾಗ ಮೆದು, ಕಡಿದು ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತಾ ಹೋಗುವ ಕಲ್ಲು ಇದು. ಮಲಬಾರಿನಲ್ಲಿ ಇದನ್ನು ನೋಡಿದ್ದ ಬುಕಾನನ್ ಎಂಬ ಬ್ರಿಟಿಷ್ ಪ್ರವಾಸಿ 1807ರಲ್ಲಿ ಬಂದ ತನ್ನ ಪುಸ್ತಕದಲ್ಲಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಅಂತ ಹೆಸರಿಟ್ಟ. ಮನೆ ಕಟ್ಟಲು ಇಷ್ಟು ಒಳ್ಳೆಯ ಕಲ್ಲು ಬೇರೆ ಇಲ್ಲ. ಆದರೆ ಅದರ ಮೇಲೆ ಬಿದ್ದು ಜಾರಿದರೆ ಹೆರೆಮಣೆಗೆ ಮಂಡಿ ಉಜ್ಜಿದ ಹಾಗೆ. ನನ್ನ ಗಾಯದೊಳಗೆ ಸೇರಿದ್ದ ಕೆಂಪು ಹರಳುಗಳನ್ನು ನರ್ಸಮ್ಮ ಚಿಮಟದಲ್ಲಿ ಒಂದೊಂದಾಗಿ ತೆಗೆಯಲು ಅರ್ಧ ಗಂಟೆ ಹಿಡಿಯಿತು. ಒಂದೆರಡು ಒಳಗೇ ಉಳಿದಿರಬೇಕು, ಆ ಜಾಗದಲ್ಲಿ ಈಗಲೂ ಚರ್ಮ ನೀಲಿ.

ಅಂದರೆ ನನ್ನ ಹತ್ತಿರ ಪ್ಯಾಡ್ ಇತ್ತು, ಕಾಲಲ್ಲಿ ಇರಲಿಲ್ಲ. ಆಮೇಲೆ ವಿಚಾರಿಸಿ ನೋಡಿದೆ. ನಮ್ಮ ಕಡೆ ಸೈಕಲ್ ಓಡಿಸುವ ಹಲವರ ಕಥೆಯೂ ಇದೇ. ದುಡ್ಡು ಕೊಟ್ಟು ತರುತ್ತಾರೆ, ಎರಡು ಸಲ ಹಾಕುತ್ತಾರೆ, ಬೆವರು, ತುರಿಕೆ, ಬಿಗಿ ಅಂತ ಗೂಟಕ್ಕೆ ನೇತುಹಾಕುತ್ತಾರೆ. ಹಾಗಾಗಿ ಯಾವ ಪ್ಯಾಡ್ ಕೊಳ್ಳಬೇಕು ಎನ್ನುವುದಕ್ಕಿಂತ, ಕೊಂಡದ್ದನ್ನು ಹಾಕಿಕೊಂಡೇ ಇರುವುದು ಹೇಗೆ ಎಂಬ ಬಗ್ಗೆ ಈ ಬರಹದಲ್ಲಿ ಜಾಸ್ತಿ ಹೇಳುತ್ತೇನೆ. ಮೂರು ವಾರ ಕೊಡಿ, ಸಾಕು.

ಮೊದಲು: ನಿಮ್ಮ ಕೈಯಲ್ಲಿರುವುದು ಪ್ಯಾಡೇ ಹೌದಾ?

ಮೆಡಿಕಲ್ ಶಾಪಿನಲ್ಲಿ ನೀ ಕ್ಯಾಪ್ ಅಂತ ಸಿಗುತ್ತದಲ್ಲ, ಬಟ್ಟೆಯಂಥ ಎಲಾಸ್ಟಿಕ್ ತೋಳು, ಅದು ಪ್ಯಾಡ್ ಅಲ್ಲ. ಮಂಡಿ ನೋವಿದ್ದವರಿಗೆ ಸ್ವಲ್ಪ ಬಿಗಿ, ಸ್ವಲ್ಪ ಬೆಚ್ಚಗೆ ಇರಲಿ ಅಂತ ಮಾಡಿದ್ದು. ಕಲ್ಲಿಗೆ ಬಡಿದರೆ ಏನೂ ತಡೆಯುವುದಿಲ್ಲ. ವಾಲಿಬಾಲ್ ಆಡುವವರ ಪ್ಯಾಡಿನಲ್ಲಿ ಸ್ಪಂಜು ಉಂಟು, ಆದರೆ ಅದು ಒಳಾಂಗಣದ ನಯವಾದ ನೆಲಕ್ಕೆ. ಮೋಟಾರ್ ಸೈಕಲ್‌ನವರ ಗಟ್ಟಿ ಚಿಪ್ಪಿನ ಗಾರ್ಡ್ ಒಳ್ಳೆಯ ರಕ್ಷಣೆ ಕೊಡುತ್ತದೆ, ಆದರೆ ಪೆಡಲ್ ತುಳಿಯುವ ಕಾಲಿಗೆ ಅದು ಭಾರ, ಬಿಸಿ.

ಮೌಂಟೇನ್ ಬೈಕಿಗೆ ಅಂತಲೇ ಬರುವ ತೋಳಿನಂಥ ಮೆದು ಪ್ಯಾಡಿನಿಂದ ಶುರು ಮಾಡಿ. ಇವುಗಳಲ್ಲಿ ಹಲವದರ ಒಳಗೆ ವಿಶೇಷ ಫೋಮ್ ಇರುತ್ತದೆ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಮೆದು, ಫಟ್ಟನೆ ಹೊಡೆದರೆ ಗಟ್ಟಿ. ಕಾರ್ನ್ ಫ್ಲೋರನ್ನು ನೀರಲ್ಲಿ ದಪ್ಪಕ್ಕೆ ಕಲಸಿ ಗುದ್ದಿ ನೋಡಿ, ಹೆಚ್ಚು ಕಡಿಮೆ ಅದೇ ಗುಣ. ಈ ಜಾತಿಯಲ್ಲಿ ಹೆಸರಾದ ಡಿ3ಒ ಎಂಬ ವಸ್ತುವನ್ನು 1999ರಲ್ಲಿ ಬ್ರಿಟನ್ನಿನ ರಿಚರ್ಡ್ ಪಾಮರ್ ರೂಪಿಸಿದರು.

ಲೇಬಲ್ಲಿನಲ್ಲಿ ಇಎನ್ 1621-1 ಅಂತ ಇದೆಯಾ ನೋಡಿ. ಇದು ಮೋಟಾರ್ ಸೈಕಲ್ ಸವಾರರ ಕೈಕಾಲಿನ ರಕ್ಷಣೆಗೆ ಅಂತ ಇರುವ ಯುರೋಪಿನ ಮಾನದಂಡ, ಸೈಕಲ್ ಪ್ಯಾಡಿಗೂ ಇದನ್ನೇ ಬಳಸುತ್ತಾರೆ. ಪರೀಕ್ಷೆಯಲ್ಲಿ ಪ್ಯಾಡಿಗೆ 50 ಜೂಲ್ ಶಕ್ತಿಯ ಪೆಟ್ಟು ಕೊಡುತ್ತಾರೆ. ಐದು ಕಿಲೋದ ಹಲಸಿನಕಾಯಿ ಒಂದು ಮೀಟರ್ ಎತ್ತರದಿಂದ ಬಿದ್ದರೆ ಎಷ್ಟು ಪೆಟ್ಟೋ ಅಷ್ಟು ಅಂತ ಇಟ್ಟುಕೊಳ್ಳಿ. ಆಗ ಪ್ಯಾಡ್ ದಾಟಿ ಒಳಗೆ ಬರುವ ಬಲ ಸರಾಸರಿ 35 ಕಿಲೋನ್ಯೂಟನ್‌ಗಿಂತ ಕಡಿಮೆ ಇದ್ದರೆ ಲೆವೆಲ್ 1, 20ಕ್ಕಿಂತ ಕಡಿಮೆ ಇದ್ದರೆ ಲೆವೆಲ್ 2. ಹೊಸಬರಿಗೆ ನನ್ನ ಸಲಹೆ ಲೆವೆಲ್ 1ರ ತೆಳು ಪ್ಯಾಡ್. ದಪ್ಪದ್ದು ಹೆಚ್ಚು ತಡೆಯುತ್ತದೆ, ನಿಜ. ಆದರೆ ಗೂಟದಲ್ಲಿ ನೇತಾಡುವ ಲೆವೆಲ್ 2ಕ್ಕಿಂತ ಕಾಲಲ್ಲಿರುವ ಲೆವೆಲ್ 1 ಮೇಲು.

ಒಂದು ಮಾತು ಮರೆಯಬೇಡಿ. ಪ್ಯಾಡ್ ಪೆಟ್ಟನ್ನು, ತರಚನ್ನು ತಡೆಯುತ್ತದೆ ಅಷ್ಟೆ. ಮಂಡಿ ತಿರುಚಿ ಲಿಗಮೆಂಟಿಗೆ (ಕೀಲಿನ ಮೂಳೆಗಳನ್ನು ಹಿಡಿದಿಡುವ ನಾರಿಗೆ) ಏಟಾಗುವುದನ್ನು ತಡೆಯುವುದಿಲ್ಲ.

ಅಳತೆ: ಇಲ್ಲಿ ಅವಸರ ಬೇಡ

ಒಗ್ಗುವುದಿಲ್ಲ ಎನ್ನುವವರಲ್ಲಿ ಹಲವರು ತಪ್ಪು ಸೈಜ್ ಹಾಕಿರುತ್ತಾರೆ. ಶರ್ಟಿನ ಹಾಗೆ ಮೀಡಿಯಂ, ಲಾರ್ಜ್ ಅಂತ ಅಂದಾಜಿಗೆ ತೆಗೆದುಕೊಳ್ಳಬೇಡಿ. ಟೇಲರ್ ಟೇಪ್ ತನ್ನಿ. ನೆಟ್ಟಗೆ ನಿಂತು, ಮಂಡಿಚಿಪ್ಪಿನ ನಡುವಿನಿಂದ ಹತ್ತು ಸೆಂಟಿಮೀಟರ್ ಮೇಲೆ ತೊಡೆಯ ಸುತ್ತಳತೆ ತೆಗೆಯಿರಿ. ಅಷ್ಟೇ ಕೆಳಗೆ ಮೀನಖಂಡದ ಸುತ್ತಳತೆ. ಎರಡೂ ಕಾಲು ಅಳೆಯಿರಿ, ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ಕೆಲವು ಕಂಪನಿಗಳು ಬೇರೆ ಎತ್ತರದಲ್ಲಿ ಅಳೆಯಲು ಹೇಳುತ್ತವೆ, ಆಯಾ ಕಂಪನಿಯ ಪಟ್ಟಿಯನ್ನೇ ನಂಬಿ.

ಎರಡು ಸೈಜಿನ ನಡುವೆ ಬಂದರೆ? ಪ್ಯಾಡಿಗೆ ವೆಲ್ಕ್ರೋ ಪಟ್ಟಿ ಇದ್ದರೆ ದೊಡ್ಡದು ತೆಗೆದುಕೊಂಡು ಬಿಗಿ ಮಾಡಬಹುದು. ಬರೀ ತೋಳಾದರೆ ಚಿಕ್ಕದು, ಯಾಕೆಂದರೆ ಬಟ್ಟೆ ಕೆಲವು ವಾರದಲ್ಲಿ ಸ್ವಲ್ಪ ಸಡಿಲವಾಗುತ್ತದೆ.

ಹಾಕುವ ಕ್ರಮ

ಕಳೆದ ವರ್ಷ ಅಕ್ಕನ ಮಗ ಬಂದಿದ್ದಾಗ ಅವನಿಗೂ ಒಂದು ಜೊತೆ ಕೊಟ್ಟೆ. ಜಗಲಿಯಲ್ಲಿ ಕೂತು ಹಾಕಿಕೊಂಡ. ಎರಡು ಹೆಜ್ಜೆ ನಡೆದು ನಿಂತ.

"ಮಾವ, ಇದು ಹಾಕಿದ್ರೆ ಕಾಲು ಮಡಚ್ಲಿಕ್ಕೇ ಆಗುದಿಲ್ಲ."

"ಎಲ್ಲಿ, ವೆಲ್ಕ್ರೋದ ತುದಿ ಯಾವ ಬದಿಗೆ ಉಂಟು ನೋಡು."

ತುದಿಗಳೆರಡೂ ಒಳಬದಿಗೆ, ಒಂದಕ್ಕೊಂದು ಉಜ್ಜುವ ಹಾಗಿದ್ದವು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿತ್ತು. ಬಿಚ್ಚಿ ಅದಲು ಬದಲು ಮಾಡಿದ. ಕೂತು ಎದ್ದ. "ಈಗ ಸಮ ಆಯ್ತು" ಅಂದ. ಒಳಗಡೆ ಎಲ್, ಆರ್ ಅಂತ ಗುರುತಿರುತ್ತದೆ. ಅದು ಕಾಣದಿದ್ದರೂ ಪಟ್ಟಿಯ ತುದಿ ಹೊರಗೆ ಬರಬೇಕು ಅಂತ ನೆನಪಿಟ್ಟರೆ ಸಾಕು.

ಕ್ರಮ ಹೀಗೆ. ಶೂ ಬಿಚ್ಚಿ. ಮೆಟ್ಟಿಲಿನ ಮೇಲೆ ಕೂತುಕೊಳ್ಳಿ. ಪಟ್ಟಿಗಳನ್ನೆಲ್ಲ ಸಡಿಲ ಮಾಡಿ ಪಾದ ತೂರಿಸಿ, ಪ್ಯಾಡನ್ನು ಮಂಡಿಗಿಂತ ಒಂದು ಅಂಗುಲ ಜಾಸ್ತಿ ಮೇಲಕ್ಕೆ ಎಳೆಯಿರಿ. ಈಗ ಕುರ್ಚಿಯಲ್ಲಿ ಕೂತ ಹಾಗೆ ಮಂಡಿ ಮಡಚಿ, ಪ್ಯಾಡನ್ನು ಮೆಲ್ಲ ಕೆಳಗೆ ತನ್ನಿ. ಚಿಪ್ಪು ಪ್ಯಾಡಿನ ಗುಳಿಯೊಳಗೆ ಕೂತದ್ದು ಗೊತ್ತಾಗುತ್ತದೆ. ಕಾಲು ನೀಡಿಕೊಂಡು ಸರಿ ಮಾಡಿದರೆ ಮಡಚುವಾಗ ಪ್ಯಾಡ್ ಮೇಲೆ ಸರಿಯುತ್ತದೆ. ಇಳಿಜಾರಿನಲ್ಲಿ ನಮ್ಮ ಮಂಡಿ ಮಡಚಿಯೇ ಇರುವುದಲ್ವಾ, ಅದಕ್ಕೆ ಹೀಗೆ.

ಆಮೇಲೆ ಮಂಡಿಯ ಹಿಂದೆ ಕೈ ಹಾಕಿ. ಅಲ್ಲಿ ಬಟ್ಟೆ ನೆರಿಗೆ ಬಿದ್ದಿದ್ದರೆ ಬೆರಳಲ್ಲಿ ಬಿಡಿಸಿ. ಇದನ್ನು ಯಾರೂ ಮಾಡುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ: ನಿಮಿಷಕ್ಕೆ 70 ಸಲ ಪೆಡಲ್ ತಿರುಗಿದರೆ ಒಂದು ಗಂಟೆಗೆ ಒಂದೊಂದು ಮಂಡಿ 4,200 ಸಲ ಮಡಚಿ ಬಿಡಿಸುತ್ತದೆ. ಅಷ್ಟು ಸಲ ಆ ನೆರಿಗೆ ಅದೇ ಜಾಗವನ್ನು ಉಜ್ಜುತ್ತದೆ. ಸಂಜೆ ಸ್ನಾನಕ್ಕೆ ಹೋದಾಗ ಉರಿಯುವುದು ಅದಕ್ಕೇ.

ಕೊನೆಗೆ ಪಟ್ಟಿ. ಮೇಲಿನದು ಸ್ವಲ್ಪ ಬಿಗಿ, ಕೆಳಗಿನದು ಅದಕ್ಕಿಂತ ಸಡಿಲ. ಪಟ್ಟಿಯ ಕೆಳಗೆ ಎರಡು ಬೆರಳು ತೂರಬೇಕು. ಯಕ್ಷಗಾನದ ಚೌಕಿಯಲ್ಲಿ ಕಿರೀಟ ಕಟ್ಟುವುದನ್ನು ನೋಡಿದವರಿಗೆ ಈ ಹದ ಗೊತ್ತು. ಬಿಗಿ ಜಾಸ್ತಿಯಾದರೆ ತಲೆ ಸಿಡಿಯುತ್ತದೆ, ಸಡಿಲಾದರೆ ರಂಗಸ್ಥಳದಲ್ಲಿ ಜಾರುತ್ತದೆ.

ಈಗ ಹತ್ತು ಬಸ್ಕಿ ಹೊಡೆಯಿರಿ. ಮತ್ತೆ ಚಾಪೆಯ ಮೇಲೆ ಮಂಡಿ ಊರಿ, ಕೈಯಲ್ಲಿ ಪ್ಯಾಡನ್ನು ಕೆಳಗೆ ತಳ್ಳಿ ನೋಡಿ. ಚಿಪ್ಪಿನ ಅರ್ಧ ಹೊರಗೆ ಕಂಡರೆ ಆ ಸೈಜ್ ನಿಮಗೆ ದೊಡ್ಡದು, ಬದಲಾಯಿಸಿ. ಬೀಳುವಾಗಲೂ ಅದು ಹಾಗೇ ಸರಿಯುತ್ತದೆ.

ಮೊದಲ ವಾರ: ಅಂಗಳದಲ್ಲಿ

ಮೊದಲ ದಿನವೇ ಗುಡ್ಡೆಗೆ ಹೋಗಬೇಡಿ. ದಿನಕ್ಕೆ ಇಪ್ಪತ್ತು ನಿಮಿಷ ಮನೆಯಲ್ಲೇ ಹಾಕಿಕೊಳ್ಳಿ. ಗಿಡಕ್ಕೆ ನೀರು ಬಿಡಿ, ಮೆಟ್ಟಿಲು ಹತ್ತಿ ಇಳಿಯಿರಿ, ಅಂಗಳದಲ್ಲಿ ಬಿದ್ದ ಅಡಿಕೆ ಹೆಕ್ಕಿ. ಹೆಕ್ಕುವ ಕೆಲಸ ಇದಕ್ಕೆ ತುಂಬ ಒಳ್ಳೆಯದು, ಮಂಡಿ ಪೂರ್ತಿ ಮಡಚುತ್ತದೆ. ಹೊಸ ಫೋಮ್ ಮೈ ಬಿಸಿಗೆ ಮೆದುವಾಗಿ ನಿಮ್ಮ ಮಂಡಿಯ ಆಕಾರಕ್ಕೆ ಬಾಗಲು ಶುರುವಾಗುತ್ತದೆ. ಅಡಿಕೆ ಹಾಳೆಯನ್ನು ನೆನೆಸಿ ಮುಟ್ಟಾಳೆ ಟೊಪ್ಪಿಯ ಆಕಾರಕ್ಕೆ ತರುತ್ತಾರಲ್ಲ, ಹಾಗೆ.

ಬಿಚ್ಚಿದ ಮೇಲೆ ಕಾಲನ್ನು ನೋಡಿ. ಪಟ್ಟಿಯ ಗುರುತು ಕೆಂಪಗೆ ಇದ್ದು ಅರ್ಧ ಗಂಟೆಯೊಳಗೆ ಮಾಯವಾದರೆ ತೊಂದರೆ ಇಲ್ಲ. ಮತ್ತೂ ಉಳಿದರೆ ಬಿಗಿ ಜಾಸ್ತಿ.

ಪಾದಕ್ಕೆ ಜೋಮು ಹಿಡಿದರೆ ಮಾತ್ರ ಸುಮ್ನೆ ಬಿಡಬೇಡಿ. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಗಂಟಿನ ಹಾಗೆ ಒಂದು ಮೂಳೆ ಕೈಗೆ ಸಿಗುತ್ತದೆ. ಅದರ ಪಕ್ಕದಲ್ಲೇ, ಚರ್ಮದ ಹತ್ತಿರವೇ, ಪಾದವನ್ನು ಮೇಲೆತ್ತುವ ನರ ಹಾದುಹೋಗುತ್ತದೆ. ಕೆಳಗಿನ ಪಟ್ಟಿ ಅದನ್ನು ಒತ್ತಿದರೆ ಪಾದದ ಮೇಲ್ಭಾಗ ಮರಗಟ್ಟಿದ ಹಾಗಾಗುತ್ತದೆ. ಪಟ್ಟಿಯನ್ನು ಸಡಿಲ ಮಾಡಿ, ಒಂದು ಬೆರಳು ಕೆಳಗೆ ಸರಿಸಿ. ಬಿಚ್ಚಿದ ಮೇಲೂ ಜೋಮು ಹೋಗದಿದ್ದರೆ, ಪಾದ ಎತ್ತಲು ಕಷ್ಟವಾದರೆ ಡಾಕ್ಟರ ಹತ್ತಿರ ಹೋಗಿ.

ಎರಡನೇ ವಾರ: ಸಮತಟ್ಟು ದಾರಿ

ಈಗ ಸೈಕಲ್. ಅರ್ಧ ಗಂಟೆ, ಬೆಳಗ್ಗೆ ಆರೂವರೆಗೆ, ತೋಟದ ಬದಿಯ ಮಣ್ಣಿನ ದಾರಿ ಸಾಕು. ಮೊದಲ ಎರಡು ದಿನ ಪೆಡಲ್ ಭಾರ ಅನ್ನಿಸುತ್ತದೆ. ಮಂಡಿ ಮೇಲೆ ಬರುವಾಗ ಯಾರೋ ಹಿಡಿದ ಹಾಗೆ. ಪ್ಯಾಡಿನ ದಪ್ಪಕ್ಕೆ ಮಂಡಿ ಫ್ರೇಮಿಗೆ ತಾಗಬಹುದು, ಅದಕ್ಕೆ ಹೆದರಿ ಕಾಲನ್ನು ಹೊರಗೆ ಅಗಲಿಸಿ ತುಳಿಯಬೇಡಿ, ಕೀಲು ನೋಯುತ್ತದೆ. ಸೀಟಿನ ಎತ್ತರ ನೋಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ 25ರಿಂದ 35 ಡಿಗ್ರಿ ಬಾಗಿರಬೇಕು. ಸೀಟು ತಗ್ಗಿದ್ದರೆ ಮಂಡಿ ಬೇಕಾದ್ದಕ್ಕಿಂತ ಜಾಸ್ತಿ ಮಡಚಿ ಪ್ಯಾಡಿನ ಹಿಂಬದಿ ಕಚ್ಚುತ್ತದೆ. ಎಷ್ಟೋ ಜನ ಪ್ಯಾಡಿಗೆ ಬೈಯುವುದು ಸೀಟಿನ ತಪ್ಪಿಗೆ.

ಜಾರುವ ತೊಂದರೆಗೆ ನಮ್ಮೂರಿನದೇ ಒಂದು ಕಾರಣ ಉಂಟು: ತೆಂಗಿನೆಣ್ಣೆ. ಪ್ಯಾಡಿನ ಮೇಲಂಚಿನಲ್ಲಿ ಚರ್ಮಕ್ಕೆ ಕಚ್ಚುವ ಸಿಲಿಕಾನ್ ಪಟ್ಟಿ ಇರುತ್ತದೆ. ಎಣ್ಣೆ ಹಚ್ಚಿ ಮಿಂದ ಕಾಲಿಗೆ ಅದು ಕಚ್ಚುವುದೇ ಇಲ್ಲ. ಎಣ್ಣೆಸ್ನಾನ ಸೈಕಲ್ ಮುಗಿಸಿ ಬಂದ ಮೇಲೆ ಇಟ್ಟುಕೊಳ್ಳಿ. ಪೌಡರ್, ಬಾಡಿ ಲೋಷನ್ ಕೂಡ ಅಷ್ಟೆ.

ಪ್ಯಾಡ್ ನೇರ ಚರ್ಮದ ಮೇಲೆ, ಚಡ್ಡಿಯ ಅಂಚು ಅದರ ಮೇಲೆ ಇಳಿದಿರಲಿ. ನಡುವೆ ತೊಡೆ ಕಾಣಬಾರದು. ಲೆಗಿಂಗ್ಸ್ ಹಾಕಿ ಓಡಿಸುವ ಅಕ್ಕಂದಿರು ಅದರ ಮೇಲೆಯೇ ಪ್ಯಾಡ್ ಹಾಕಬಹುದು, ತುರಿಕೆಯೂ ಕಡಿಮೆ. ಆದರೆ ಬಟ್ಟೆಯ ಮೇಲೆ ಸಿಲಿಕಾನ್ ಹಿಡಿತ ಕಮ್ಮಿ, ಹಾಗಾಗಿ ವೆಲ್ಕ್ರೋ ಪಟ್ಟಿ ಇರುವ ಪ್ಯಾಡನ್ನೇ ಆರಿಸಿ.

ಮೂರನೇ ವಾರ: ಏರು ಮತ್ತು ಇಳಿಜಾರು

ನಮ್ಮ ಕಡೆಯ ಪೊಸಡಿಗುಂಪೆ ಗುಡ್ಡ ಸಮುದ್ರಮಟ್ಟದಿಂದ ಸಾವಿರ ಅಡಿಗಿಂತ ಸ್ವಲ್ಪ ಜಾಸ್ತಿ ಎತ್ತರ. ದೊಡ್ಡದಲ್ಲ. ಆದರೂ ಕರಾವಳಿಯ ಸೆಖೆಯಲ್ಲಿ ಆ ಕಡೆಯ ಏರು ಹತ್ತುವಾಗ ಮಂಡಿಯ ಹಿಂದೆ ಬೆವರು ಧಾರೆಯಾಗಿ ಇಳಿಯುತ್ತದೆ. ನಮ್ಮ ಗಾಳಿಯಲ್ಲೇ ನೀರಿನ ಪಸೆ ಜಾಸ್ತಿ, ಬೆವರು ಆರುವುದೇ ಇಲ್ಲ. ಒಣ ಸೀಮೆಯವರು ಇಡೀ ದಿನ ಪ್ಯಾಡ್ ಹಾಕುತ್ತಾರೆ ಅಂತ ನಾವೂ ಹಾಕಬೇಕಿಲ್ಲ.

ನಿಧಾನದ ಟಾರು ಏರಿನಲ್ಲಿ ಪಟ್ಟಿ ಸಡಿಲಿಸಿ ಪ್ಯಾಡನ್ನು ಮೀನಖಂಡದ ಕೆಳಗೆ ಇಳಿಸಿಕೊಳ್ಳಿ. ಬಲಗಾಲಿನಲ್ಲಿ ಅದು ಚೈನಿಗೆ ತಾಗದ ಹಾಗೆ ನೋಡಿಕೊಳ್ಳಿ, ಪಟ್ಟಿಯ ತುದಿ ಸಿಕ್ಕಿಕೊಂಡರೆ ಬಿದ್ದೇ ಬೀಳುತ್ತೀರಿ. ಶೂ ಬಿಚ್ಚದೆ ಹಾಕಲು ತೆಗೆಯಲು ಬರುವ, ಹಿಂಬದಿ ತೆರೆಯುವ ಪ್ಯಾಡ್ ಇದ್ದರೆ ಬಿಚ್ಚಿ ಹ್ಯಾಂಡಲ್ಲಿಗೆ ಕಟ್ಟಿ. ಬ್ಯಾಗಿನೊಳಗೆ ಮಾತ್ರ ಹಾಕಬೇಡಿ. ಕಣ್ಣಿಗೆ ಕಾಣದ್ದು ಮರೆತು ಹೋಗುತ್ತದೆ, ನನಗೆ ಆದದ್ದು ಅದೇ.

ಆ ಬಿದ್ದ ಮೇಲೆ ನಮ್ಮ ಗೆಳೆಯರ ಗುಂಪಿನಲ್ಲಿ ಒಂದು ಕ್ರಮ ಮಾಡಿಕೊಂಡೆವು. ದಾರಿ ಇಳಿಯುವ ಮೊದಲು ಒಂದು ಅಶ್ವತ್ಥಕಟ್ಟೆ ಉಂಟು. ಅಲ್ಲಿ ಎಲ್ಲರೂ ಇಳಿಯಬೇಕು. ನೀರು ಕುಡಿದು, ಪ್ಯಾಡ್ ಮೇಲೆ ಎಳೆದು, ಮಂಡಿ ಮಡಚಿ ಸರಿ ಮಾಡಿ, ಪಕ್ಕದವನ ಪಟ್ಟಿಯನ್ನೂ ನೋಡಿ ಮತ್ತೆ ಹೊರಡುವುದು. ಎರಡು ನಿಮಿಷದ ಕೆಲಸ. ನಿಮ್ಮ ದಾರಿಯಲ್ಲೂ ಇಂಥ ಒಂದು ಜಾಗ ಗೊತ್ತು ಮಾಡಿ: ಕಟ್ಟೆ, ಬಸ್ ಸ್ಟ್ಯಾಂಡ್, ಯಾವುದಾದರೂ ಸರಿ. ಮನಸ್ಸಿಗೆ ಬಂದಾಗ ಹಾಕುತ್ತೇನೆ ಅಂದರೆ ಆಗುವುದಿಲ್ಲ.

ಇಳಿಜಾರಿನಲ್ಲಿ ಮೊದಲ ನಾಲ್ಕೈದು ಸಲ ಗೊತ್ತಿರುವ ದಾರಿಯಲ್ಲೇ, ಗೊತ್ತಿರುವ ವೇಗದಲ್ಲೇ ಹೋಗಿ. ಕಲ್ಲಿನ ಕೋರೆಗಳ ಬಗ್ಗೆ ಜಾಗ್ರತೆ. ಪದವಿನಲ್ಲಿ ಮುಳಿಹುಲ್ಲು ಬೆಳೆದಾಗ ಹಳೆಯ ಕೋರೆಯ ಅಂಚು ಕಾಣುವುದಿಲ್ಲ, ಆ ಆಳಕ್ಕೆ ಯಾವ ಪ್ಯಾಡೂ ಸಾಲದು.

ಮಳೆಗಾಲದಲ್ಲಿ

ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಜಿಲ್ಲೆ ನಮ್ಮದು. ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಲ್ಲಿನ ಮೇಲೆ ಹಾವಸೆ ಕಟ್ಟುತ್ತದೆ, ಚಕ್ರ ಯಾವಾಗ ಜಾರಿತು ಅಂತಲೇ ತಿಳಿಯುವುದಿಲ್ಲ. ಆಟಿ ತಿಂಗಳ ಜೋರು ಮಳೆಯಲ್ಲಿ ಪ್ಯಾಡ್ ಬೇಡ ಎನ್ನುವವರು ಉಂಟು, ಒದ್ದೆಯಾಗುತ್ತದೆ ಅಂತ. ನನ್ನ ಪ್ರಕಾರ ಅತಿ ಹೆಚ್ಚು ಬೇಕಾದ್ದು ಆಗಲೇ.

ಒದ್ದೆ ಪ್ಯಾಡ್ ಭಾರವಾಗಿ ಕೆಳಗೆ ಜಾರುತ್ತದೆ, ದಾರಿಯಲ್ಲಿ ಒಂದೆರಡು ಸಲ ನಿಂತು ಎಳೆದುಕೊಳ್ಳಿ. ಮನೆಗೆ ಬಂದ ಕೂಡಲೇ ಬಿಚ್ಚಿ. ಚಹಾ ಕುಡಿದು ಮತ್ತೆ ಬಿಚ್ಚುತ್ತೇನೆ ಅಂತ ಕೂರಬೇಡಿ. ಮಂಡಿಯ ಹಿಂದಿನ ಸಂದನ್ನು ತೊಳೆದು ಪೂರ್ತಿ ಒರಸಿ. ಅಲ್ಲಿ ಪಸೆ ನಿಂತರೆ ಗಜಕರ್ಣ ಬರುತ್ತದೆ, ಒಮ್ಮೆ ಬಂದರೆ ಮಳೆಗಾಲ ಮುಗಿಯುವವರೆಗೆ ಕಾಟ. ಉಂಗುರದ ಹಾಗೆ ಕೆಂಪು ಗುರುತು ಕಂಡರೆ ಪ್ಯಾಡನ್ನು ದೂರ ಇಟ್ಟು ಚರ್ಮದ ಡಾಕ್ಟರಿಗೆ ತೋರಿಸಿ. ಬೇರೆಯವರ ಪ್ಯಾಡ್ ಹಾಕಬೇಡಿ, ನಿಮ್ಮದನ್ನು ಕೊಡಬೇಡಿ.

ಬರೀ ಉಜ್ಜಿ ಕೆಂಪಾಗಿದ್ದರೆ ಎರಡು ದಿನ ಬಿಡುವು ಕೊಡಿ. ಮುಂದಿನ ಸಲ ಹೊರಡುವ ಮೊದಲು ಮಂಡಿಯ ಹಿಂದೆ ಮಾತ್ರ ಸ್ವಲ್ಪ ವ್ಯಾಸಲೀನ್ ಸವರಿ, ಸಿಲಿಕಾನ್ ಅಂಚಿಗೆ ತಾಗದ ಹಾಗೆ.

ತೊಳೆಯುವುದು, ಒಣಗಿಸುವುದು

ಬೆವರಿನ ಉಪ್ಪು ಒಣಗಿದರೆ ಬಟ್ಟೆ ಬಿರುಸಾಗಿ ಚರ್ಮ ತರಚುತ್ತದೆ. ಪ್ರತಿ ಸವಾರಿಯ ನಂತರ ಬರೀ ನೀರಲ್ಲಿ ಜಾಲಾಡಿ, ಮೂರು ನಾಲ್ಕು ಸಲಕ್ಕೊಮ್ಮೆ ಸೋಪು. ಫೋಮ್ ತೆಗೆಯಲು ಬರುವುದಾದರೆ ತೆಗೆದು, ವೆಲ್ಕ್ರೋ ಮುಚ್ಚಿ, ಒಳಮೈ ಹೊರಗೆ ಮಾಡಿ ತಣ್ಣೀರಲ್ಲಿ ಕೈಯಿಂದ ತೊಳೆಯಿರಿ. ಬ್ಲೀಚ್ ಬೇಡ, ಒಗೆಯುವ ಕಲ್ಲಿಗೆ ಬಡಿಯುವುದೂ ಬೇಡ. ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ.

ಒಣಗಿಸುವುದು ನೆರಳಲ್ಲಿ, ಗಾಳಿಗೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನೊಳಗೆ ಬೇಗ ಒಣಗುತ್ತದೆ ಅಂತ ಹಾಕಬೇಡಿ, ಆ ಬಿಸಿಗೆ ಅಂಟು ಬಿಡುತ್ತದೆ, ಫೋಮ್ ಹಾಳಾಗುತ್ತದೆ. ಬಚ್ಚಲಿನ ಒಲೆಯ ಹತ್ತಿರವೂ ಬೇಡ. ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಇಡಿ. ವೆಲ್ಕ್ರೋದಲ್ಲಿ ಹುಲ್ಲಿನ ಬೀಜ ಸಿಕ್ಕಿಕೊಂಡು ಹಿಡಿತ ತಪ್ಪುವುದು ನಮ್ಮ ಕಡೆ ಮಾಮೂಲು, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೆಗೆಯಿರಿ.

ಬಿದ್ದ ಮೇಲೆ

ಪ್ಯಾಡ್ ಹಾಕಿದ್ದರೂ ನೋಡಿ. ಮಂಡಿ ಊದಿಕೊಂಡರೆ, ಕಾಲೂರಲು ಆಗದಿದ್ದರೆ, ಗಾಯ ಆಳವಾಗಿ ಕೀಲಿನ ತನಕ ಹೋದ ಹಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ತರಚಿದ ಗಾಯವನ್ನು ಧಾರಾಳ ನೀರಲ್ಲಿ ತೊಳೆದು ಮಣ್ಣು ಪೂರ್ತಿ ತೆಗೆಯಬೇಕು. ಟೆಟನಸ್ ಇಂಜೆಕ್ಷನ್ ಯಾವಾಗ ತೆಗೆದುಕೊಂಡಿದ್ದೀರಿ ಅಂತ ಡಾಕ್ಟರಿಗೆ ಹೇಳಿ.

ಆಮೇಲೆ ಪ್ಯಾಡಿನ ಸರದಿ. ಫೋಮನ್ನು ಬೆಳಕಿಗೆ ಹಿಡಿದು ಬಾಗಿಸಿ. ಸೀಳು ಕಂಡರೆ, ಒಂದು ಕಡೆ ತೆಳುವಾಗಿ ಉಳಿದರೆ, ಒತ್ತಿದ ಜಾಗ ಮೇಲೆ ಬರದಿದ್ದರೆ ಅದನ್ನು ಬದಲಾಯಿಸಿ. ಹೊರಬಟ್ಟೆ ಮಾತ್ರ ಹರಿದಿದ್ದರೆ ಹೊಲಿಸಬಹುದು. ನನ್ನ ಈಗಿನ ಬಲಗಾಲಿನ ಪ್ಯಾಡಿನಲ್ಲಿ ಕಪ್ಪು ಬಟ್ಟೆಯ ಮೇಲೆ ಕೆಂಪು ಗೀರು ಇದೆ, ನಾಲ್ಕು ಬೆರಳಗಲ. ಈ ವರ್ಷ ಜನವರಿಯಲ್ಲಿ, ಅದೇ ತಿರುವಿನಲ್ಲಿ ಆದದ್ದು. ಎಷ್ಟು ತೊಳೆದರೂ ಹೋಗಲಿಲ್ಲ. ಒಳಗಿನ ಫೋಮ್ ಸರಿ ಇತ್ತು. ಮಂಡಿಗೆ ಏನೂ ಆಗಿರಲಿಲ್ಲ, ಎದ್ದು ಸೈಕಲ್ ಹತ್ತಿ ಬಂದೆ.